ಮುಡಿಪಿನೊಳಗೆ ಹೊಲಿದಿಟ್ಟ ಅಂಕಪಟ್ಟಿ

ಗುಡ್ಡದ ಮಲ್ಲಪ್ಪನ ಒಕ್ಕಲಿನ ಬಂಧುಗಳೇ,

ನನ್ನ ಮಗ ಬಸವರಾಜನ ಎಡಗಾಲು ಹಿರಿಯೂರಿನಾಚೆ ಹೆದ್ದಾರಿಯಲ್ಲಿ ಮುರಿಯಿತು. ಈ ಬರಹವನ್ನು ಅಲ್ಲಿಂದಲೇ ಶುರು ಮಾಡಬೇಕು. ಅಲ್ಲಿಯವರೆಗೆ ನಮ್ಮ ಮನೆದೇವರು ಮಲ್ಲಪ್ಪನಿಗೆ ತೊಂದರೆ ಕೊಡುವಂಥ ವಿಷಯ ಯಾವುದೂ ನಮ್ಮ ಮನೆಯಲ್ಲಿ ಇರಲಿಲ್ಲ. ವರ್ಷಕ್ಕೊಮ್ಮೆ ಕಾಯಿ ಒಡೆಸುತ್ತಿದ್ದೆವು, ಅವನ ಪಾಡಿಗೆ ಅವನು, ನಮ್ಮ ಪಾಡಿಗೆ ನಾವು.

ಕೊರೊನಾ ಕಳೆದ ಮರುವರ್ಷದ ಮಾತು. ಬಸವರಾಜ ತನ್ನ ಲಗೇಜು ಗಾಡಿಯಲ್ಲಿ ಹೊಸದುರ್ಗದಿಂದ ತೆಂಗಿನಕಾಯಿ ತುಂಬಿಕೊಂಡು ಹಿರಿಯೂರಿನ ಕಡೆ ಹೋಗಿದ್ದ. ಟೈರು ಸಿಡಿದು ಗಾಡಿ ಮಗುಚಿತು. ಕಾಯಿಗಳು ರಸ್ತೆಯ ತುಂಬ ಉರುಳಿದವು. ಅವನನ್ನು ಎತ್ತಿದವರಿಗಿಂತ ಕಾಯಿ ಎತ್ತಿದವರೇ ಹೆಚ್ಚು ಎಂದು ಕೇಳಿದ್ದೇನೆ, ನೋಡಿಲ್ಲ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಇಪ್ಪತ್ತಮೂರು ದಿನ ಇದ್ದ. ಕಾಲಿಗೆ ರಾಡು ಹಾಕಿದರು. ಕೊನೆಗೆ ಡಾಕ್ಟರು, "ಕಾಲು ಉಳಿದಿದೆ. ಆದ್ರೆ ಕ್ಲಚ್ ತುಳಿಯೋ ಕೆಲಸ ಇನ್ನು ಬೇಡ" ಎಂದರು. ಡ್ರೈವರನಿಗೆ ಈ ಮಾತು ಹೇಳುವುದೂ, ನನ್ನಂಥ ದರ್ಜಿಗೆ ಕತ್ತರಿ ಮುಟ್ಟಬೇಡ ಎನ್ನುವುದೂ ಒಂದೇ.

ನಾನು ಹೊಳಲ್ಕೆರೆ ಪೇಟೆಯಲ್ಲಿ ಮೂವತ್ತೈದು ವರ್ಷದಿಂದ ಹೊಲಿಯುತ್ತಿರುವ ಟೈಲರ್ ರುದ್ರಪ್ಪ. ವಿದ್ಯಾಭ್ಯಾಸ ಏಳನೇ ತರಗತಿ. ಒಂದು ಕಾಲದಲ್ಲಿ ಜೂನ್ ತಿಂಗಳು ಬಂದರೆ ನನ್ನ ಅಂಗಡಿ ಮುಂದೆ ಯೂನಿಫಾರಂ ಹೊಲಿಸುವ ಮಕ್ಕಳ ಸಾಲು ರಸ್ತೆ ದಾಟುತ್ತಿತ್ತು. ಈಗ ಯೂನಿಫಾರಂಗಳು ಸಿದ್ಧವಾಗಿಯೇ ಗಂಟುಗಟ್ಟಲೆ ಬರುತ್ತವೆ. ನನ್ನ ಪಾಲಿಗೆ ಉಳಿದಿರುವುದು ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು. ಐದು ಜನರ ಮನೆ ಆ ಸಂಪಾದನೆಯಲ್ಲಿ ನಡೆಯುವಂತಿರಲಿಲ್ಲ.

ಆಸ್ಪತ್ರೆಯಲ್ಲೇ ನನಗೊಂದು ವಿಷಯ ಕಣ್ಣಿಗೆ ಬಿತ್ತು. ಅಲ್ಲಿ ದಿನಕ್ಕೊಂದು ಫಾರಂ. ಎಂಥವರ ಎದೆಯಳತೆಯನ್ನಾದರೂ ಕಣ್ಣಳತೆಯಲ್ಲಿ ಹೇಳಬಲ್ಲ ನಾನು, ಆ ಫಾರಂ ಹಿಡಿದು ಯಾವುದು ಮೇಲೆ ಯಾವುದು ಕೆಳಗೆ ಎಂದು ನೋಡುತ್ತ ನಿಲ್ಲುತ್ತಿದ್ದೆ. ನನ್ನ ಸೊಸೆ ಸುಮಿತ್ರಾ ಅದನ್ನು ತೆಗೆದುಕೊಂಡು, ಗೋಡೆಗೆ ಒತ್ತಿ ಹಿಡಿದು, ಇಂಗ್ಲಿಷಿನಲ್ಲಿ ಸರಸರನೆ ತುಂಬಿಬಿಟ್ಟಳು. ಪಕ್ಕದ ಮಂಚದವರು ನೋಡಿದರು. ಮರುದಿನ ಅವರದ್ದೂ ಒಂದು ಫಾರಂ ಬಂತು. ನಾಲ್ಕನೇ ದಿನಕ್ಕೆ ವಾರ್ಡಿನ ಅರ್ಧ ಜನ ಅವಳ ಮುಂದೆ ಸಾಲು ನಿಂತಿದ್ದರು.

ಒಬ್ಬ ನರ್ಸಮ್ಮ ಕೇಳಿದರು, "ಏನ್ ಓದಿದೀಯಮ್ಮ?"

"ಬಿ.ಎಸ್ಸಿ. ಮೇಡಂ."

"ಮತ್ತೆ ಏನ್ ಕೆಲಸ ಮಾಡ್ತಿದೀಯಾ?"

ಸುಮಿತ್ರಾ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಕಿಟಕಿಯಲ್ಲಿ ಅಂಥ ವಿಶೇಷವೇನೂ ಇರಲಿಲ್ಲ.

ಅವಳು ಮದಕರಿಪುರದ ಹುಡುಗಿ. ಚಿತ್ರದುರ್ಗದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಡಿಗ್ರಿ ಮುಗಿಸಿದವಳು. ಅದು ಮುಗಿದ ತಿಂಗಳೇ ಮದುವೆ ಮಾಡಿಕೊಂಡು ಬಂದೆವು. ಆರು ವರ್ಷ ಆ ಡಿಗ್ರಿ ನಮ್ಮ ಮನೆಯ ಟ್ರಂಕಿನಲ್ಲಿ, ನುಸಿಗುಳಿಗೆಗಳ ನಡುವೆ ಗೌರವಯುತವಾಗಿ ಮಲಗಿತ್ತು.

ಬಸವರಾಜ ಮನೆಗೆ ಬಂದ ವಾರಕ್ಕೆ ಸುಮಿತ್ರಾ ಮಾತು ತೆಗೆದಳು. "ಮಾವ, ನಾನು ಬಿ.ಎಡ್. ಮಾಡ್ತೀನಿ. ಎರಡು ವರ್ಷ. ಆಮೇಲೆ ಟೀಚರ್ ಕೆಲ್ಸ ಸಿಗ್ತೈತೆ."

ನನ್ನ ಹೆಂಡತಿ ಪಾರ್ವತಮ್ಮ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಳು. "ಮಗೀನ ಯಾರ್ ನೋಡ್ಕಳಾದು? ರೊಟ್ಟಿ ಯಾರ್ ಬಡಿಯಾದು? ಈ ವಯಸ್ನಾಗೆ ಬ್ಯಾಗ್ ಹಾಕ್ಕೊಂಡು ಹೋದ್ರೆ ಓಣ್ಯಾಗಿನ ಮಂದಿ ನಗಾಕಿಲ್ವ?"

"ನಗ್ಲಿ ಬಿಡ್ರಿ ಅತ್ತೆ. ಅವರು ನಕ್ರೆ ನಮ್ಮನೆ ಅಕ್ಕಿ ಏನ್ ಕಮ್ಮಿ ಆಗಲ್ಲ," ಎಂದಳು ಸುಮಿತ್ರಾ.

ಮಲಗಿದ್ದ ಬಸವರಾಜ, "ಅವ್ವ, ನಾನು ಕುಂತಲ್ಲೇ ರೊಟ್ಟಿ ಬಡೀತೀನಿ ಬಿಡು, ಕೈಗೇನೂ ಆಗಿಲ್ಲ," ಎಂದ. ಹಾಗೆ ಆ ಸಭೆ ಮುಕ್ತಾಯವಾಯಿತು. ಸುಮಿತ್ರಾ ಜೆರಾಕ್ಸ್ ಪ್ರತಿಗಳನ್ನು ಇಟ್ಟುಕೊಂಡು ಅರ್ಜಿ ಹಾಕಿ ಬಂದಳು.

ಇಲ್ಲಿಂದ ಮುಂದೆ ನನ್ನ ತಪ್ಪು ಶುರುವಾಗುತ್ತದೆ. ಭಕ್ತಿಯಿಂದ ಮಾಡಿದ ತಪ್ಪು. ಆದ್ದರಿಂದ ಅಚ್ಚುಕಟ್ಟಾಗಿಯೇ ಮಾಡಿದೆ.

ನಮ್ಮ ಮಲ್ಲಪ್ಪನ ಗುಡಿಯ ಪದ್ಧತಿ ನಿಮಗೆ ಗೊತ್ತೇ ಇದೆ. ಹೊಸಬರೂ ಓದುತ್ತಿರಬಹುದು, ಅದಕ್ಕೆ ಹೇಳುತ್ತೇನೆ. ಏನಾದರೂ ಬೇಡಿಕೊಳ್ಳುವವರು ಆ ಬೇಡಿಕೆಗೆ ಸೇರಿದ ವಸ್ತುವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಗುಡಿಯ ತೊಲೆಗೆ ನೇತು ಹಾಕುತ್ತಾರೆ. ಅದೇ ಮುಡಿಪು. ಮನೆ ಬೇಕಾದವರು ಹಿಡಿ ಮಣ್ಣು ಇಡುತ್ತಾರೆ, ಮಗು ಬೇಕಾದವರು ಬೆರಳುದ್ದದ ತೊಟ್ಟಿಲು. ಬೇಡಿದ್ದು ಕೈಗೂಡುವ ತನಕ ಅದನ್ನು ಬಿಚ್ಚುವಂತಿಲ್ಲ. ಬಿಚ್ಚಲೇಬೇಕೆಂದರೆ ದೇವರೇ ಹೂ ಕೊಟ್ಟು ಅಪ್ಪಣೆ ಕೊಡಬೇಕು. ಹೂ ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು.

ಸುಮಿತ್ರಾಳ ಬಿ.ಎಡ್. ಸೀಟಿಗೆ ಸೇರಿದ ವಸ್ತು ಯಾವುದು? ಅಂಕಪಟ್ಟಿ. ಟ್ರಂಕು ತೆಗೆದು ನೋಡಿದೆ. ಡಿಗ್ರಿಯ ಆರೂ ಅಂಕಪಟ್ಟಿಗಳಿದ್ದವು, ಪಕ್ಕದಲ್ಲೇ ಅವುಗಳ ಜೆರಾಕ್ಸೂ ಇತ್ತು. ಒಂದು ಕ್ಷಣ ಯೋಚಿಸಿದೆ. ಇಡೀ ಜಗತ್ತಿನ ಒಡೆಯನ ಮುಂದೆ ಜೆರಾಕ್ಸ್ ಇಡುವುದೇ? ಸರ್ಕಾರಿ ಕಚೇರಿಯವರೇ ಅದಕ್ಕೆ ಸಹಿ ಮೊಹರು ಕೇಳುವಾಗ ದೇವರ ಮರ್ಯಾದೆ ಅದಕ್ಕಿಂತಲೂ ಕಡಿಮೆಯೇ? ಆರೂ ಅಸಲು ಪ್ರತಿಗಳನ್ನು ತೆಗೆದುಕೊಂಡೆ. ಯಾರಿಗೂ ಹೇಳಲಿಲ್ಲ. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲ ಕಡಿಮೆ ಎಂದು ನಮ್ಮವ್ವ ಹೇಳುತ್ತಿದ್ದಳು. ಉಳಿದವರೆಲ್ಲ ಮುಡಿಪಿಗೆ ಮೂರು ಗಂಟು ಹಾಕುತ್ತಾರೆ. ನಾನು ದರ್ಜಿಯಲ್ಲವೇ, ನಾಲ್ಕೂ ಕಡೆ ಜೋಡಿ ಹೊಲಿಗೆ ಹಾಕಿದೆ. ಒಂದು ಸೋಮವಾರ ತಾಳ್ಯದಾಚೆಯ ಗುಡ್ಡ ಹತ್ತಿ, "ಮಲ್ಲಪ್ಪ, ನಮ್ಮ ಹುಡುಗಿಗೆ ಸೀಟು ಕೊಡಿಸು" ಎಂದು ತೊಲೆಗೆ ಕಟ್ಟಿ ಬಂದೆ.

ಎರಡು ತಿಂಗಳಿಗೆ ಆಯ್ಕೆಯ ಪಟ್ಟಿ ಬಂತು. ಚಿತ್ರದುರ್ಗದ ಒಂದು ಕಾಲೇಜಿನ ಪಟ್ಟಿಯಲ್ಲಿ ಸುಮಿತ್ರಾಳ ಹೆಸರಿತ್ತು. ಬುಧವಾರ ಸಂಜೆ ನಾಲ್ಕರೊಳಗೆ ಅಸಲು ಅಂಕಪಟ್ಟಿ ತೋರಿಸಿ ದಾಖಲಾಗಬೇಕು. ತಪ್ಪಿದರೆ ಸೀಟು ಕೆಳಗಿನವರಿಗೆ. ಬುಧವಾರ ಬೆಳಿಗ್ಗೆ ಏಳಕ್ಕೆ ಅವಳು ಹೊಸ ಸೀರೆ ಉಟ್ಟು ಟ್ರಂಕು ತೆಗೆದಳು.

"ಮಾವ, ಇಲ್ಲಿದ್ದ ಮಾರ್ಕ್ಸ್ ಕಾರ್ಡ್ ಎಲ್ಲಿ? ಜೆರಾಕ್ಸ್ ಮಾತ್ರ ಐತೆ."

"ಭದ್ರವಾಗೈತೆ ಕಣವ್ವ."

"ಎಲ್ಲಿ?"

"ದೇವ್ರ ಹತ್ರ."

ಅವಳು ನನ್ನನ್ನೇ ನೋಡಿದಳು. "ಯಾಕೆ? ಬಿ.ಎಡ್. ದೇವ್ರು ಮಾಡ್ತಾನಾ?"

ನಾನು ಎಲ್ಲವನ್ನೂ ಹೇಳಿದೆ. ಪಾರ್ವತಮ್ಮ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. ಓದು ಬೇಡ ಎಂದವಳು ಅವಳೇ. ಆದರೂ ಅವತ್ತು ನನಗೆ ಬೈದದ್ದು ಅವಳೇ. "ಅಸಲು ಇಟ್ಟು ಬಂದೀರಲ್ರಿ! ನಿಮ್ಮ ತಲೆ ಅಳತೆ ಯಾರ್ ತಗಂಡಿದ್ರು?"

ಸುಮಿತ್ರಾ ಅಳಲಿಲ್ಲ. ಚಪ್ಪಲಿ ಮೆಟ್ಟಿದಳು. "ನಡೀರಿ ಮಾವ, ಗುಡ್ಡಕ್ಕೆ ಹೋಗಾಣ."

ತಾಳ್ಯದವರೆಗೆ ಬಸ್ಸು, ಅಲ್ಲಿಂದ ಆಟೋ, ಆಮೇಲೆ ಮೆಟ್ಟಿಲು. ಹತ್ತೂವರೆಗೆ ಗುಡಿಯಲ್ಲಿದ್ದೆವು. ಪೂಜಾರಿ ಸಿದ್ದಣ್ಣ ನನಗಿಂತ ಹತ್ತು ವರ್ಷ ದೊಡ್ಡವನು. ಅಕ್ಷರ ಬರುವುದಿಲ್ಲ. ಆದರೆ ಗುಡಿಯ ಕಾನೂನು ಬಾಯಿಪಾಠ. ತೊಲೆಯ ಕಡೆ ತಲೆ ಎತ್ತಿ ನೋಡಿ, "ಸೀಟು ಸಿಕ್ತಾ?" ಎಂದ.

"ಸಿಕ್ಕಂಗೇ ಸಿದ್ದಣ್ಣ. ಹೆಸ್ರು ಪಟ್ಟ್ಯಾಗೈತೆ. ಈ ಕಾಗದ ತೋರಿಸಿದ್ರೆ ಪೂರ್ತಿ ಸಿಗ್ತೈತೆ."

"ಸಿಕ್ಕಂಗೆ ಅಂದ್ರೆ ಸಿಕ್ಕಿಲ್ಲ. ಸಿಕ್ಕಿಲ್ಲ ಅಂದ್ಮೇಲೆ ಬಿಚ್ಚಂಗಿಲ್ಲ."

"ಬಿಚ್ಚದೆ ಸಿಗಲ್ಲವಲ್ಲೋ!"

"ಲೇ ರುದ್ರ, ಕಟ್ಟುವಾಗ ನನ್ ಕೇಳಿದ್ಯಾ? ಹೂ ಕೇಳಾಣ. ಅಪ್ಪಣೆ ಆದ್ರೆ ಬಿಚ್ಚು."

ನೀರಿನಲ್ಲಿ ಅದ್ದಿದ ಸೇವಂತಿಗೆಯನ್ನು ದೇವರ ಎಡಭುಜಕ್ಕೊಂದು, ಬಲಭುಜಕ್ಕೊಂದು ಅಂಟಿಸಿದ. ನಾವು ಕೈ ಮುಗಿದು ಕುಳಿತೆವು. ಹನ್ನೊಂದಾಯಿತು. ಹನ್ನೊಂದೂವರೆ ಆಯಿತು. ಹೂ ಎಡಕ್ಕೂ ಬೀಳಲಿಲ್ಲ, ಬಲಕ್ಕೂ ಬೀಳಲಿಲ್ಲ. ಬಂಧುಗಳೇ, ಹಾಸ್ಯವನ್ನು ಇಲ್ಲಿ ಪಕ್ಕಕ್ಕಿಟ್ಟು ಹೇಳುತ್ತೇನೆ. ಆ ಒಂದು ಗಂಟೆ ನನ್ನ ಆಯುಸ್ಸಿನಲ್ಲೇ ಕೆಟ್ಟ ಗಂಟೆ. ಮಗ ಮುರಿದ ಕಾಲಿನೊಂದಿಗೆ ಮನೆಯಲ್ಲಿ ಮಲಗಿದ್ದಾನೆ. ಮನೆಯಲ್ಲಿ ಎದ್ದು ನಿಲ್ಲಬಲ್ಲವಳು ಇವಳೊಬ್ಬಳೇ. ಅವಳು ನಿಲ್ಲಬೇಕಾದ ನೆಲವನ್ನು ನಾನೇ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಕೈಗೆಟುಕದ ಎತ್ತರಕ್ಕೆ ಕಟ್ಟಿದ್ದೇನೆ. ಕದ್ದು ಕಿತ್ತುಕೊಂಡು ಓಡೋಣ ಎಂದೂ ಅನ್ನಿಸಿತು. ಅದನ್ನೂ ದೇವರೆದುರೇ ಯೋಚಿಸಿದೆ, ಮುಚ್ಚಿಡುವುದೇನು.

ಆಗ ಸುಮಿತ್ರಾ ಎದ್ದು ನಿಂತಳು. "ಅಜ್ಜಾರೆ, ಬಿಚ್ಚಾದು ಬ್ಯಾಡ. ಬಿಚ್ಚದೆ ತಗಂಡು ಹೋಗಬೋದಾ?"

ಸಿದ್ದಣ್ಣ ಯೋಚಿಸಿದ. ಅವನ ಐವತ್ತು ವರ್ಷದ ಪೂಜಾರಿಕೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಮುಡಿಪು ದೇವ್ರನ್ನ ಬಿಟ್ಟು ಇರಂಗಿಲ್ಲ."

"ದೇವ್ರು ಜೊತೆಗೆ ಬಂದ್ರೆ?"

ಮಲ್ಲಪ್ಪನಿಗೆ ಬೆಳ್ಳಿಕಟ್ಟಿನ ಒಂದು ಬೆತ್ತವಿದೆ. ಭಕ್ತರ ಮನೆಗೆ ದೇವರನ್ನು ಕರೆಸುವಾಗ ಅದೇ ಹೋಗುತ್ತದೆ. ಬೆತ್ತ ಹೋದಲ್ಲಿ ದೇವರು ಹೋದಂತೆ. ಸಿದ್ದಣ್ಣ ನನ್ನ ಮುಖ ನೋಡಿದ, ಅವಳ ಮುಖ ನೋಡಿದ, ಒಳಗೆ ಹೋಗಿ ಬೆತ್ತ ತಂದ. "ಬಸ್ ಚಾರ್ಜು ನೀನೇ ಕೊಡ್ಬೇಕು," ಎಂದ.

ತೊಲೆಯಿಂದ ಮುಡಿಪು ಇಳಿಸಿ ಜೋಳಿಗೆಗೆ ಹಾಕಿಕೊಂಡ. ಅಪ್ಪಣೆ ಯಾವಾಗ ಬಂದೀತೋ ಎಂದು ಒಂದು ಹೂವನ್ನು ಬೆತ್ತದ ತಲೆಗೂ ಸಿಕ್ಕಿಸಿಕೊಂಡ. ಹೀಗೆ ನಾವು ಮೂವರು, ದೇವರನ್ನು ಸೇರಿಸಿದರೆ ನಾಲ್ವರು, ಕ್ರಾಸಿನಲ್ಲಿ ಚಿತ್ರದುರ್ಗದ ಬಸ್ಸು ಹತ್ತಿದೆವು.

ಕಂಡಕ್ಟರ್ ಬೆತ್ತ ನೋಡಿ, "ಏನಪ್ಪ, ಇದಕ್ಕೆ ಲಗೇಜ್ ಹಾಕ್ಲಾ?" ಎಂದ.

"ದೇವ್ರಿಗೆ ಲಗೇಜ್ ಹಾಕ್ತೀಯೇನೋ!" ಎಂದ ಸಿದ್ದಣ್ಣ.

"ಅಂಗಾರೆ ಫುಲ್ ಟಿಕೆಟ್ ತಗಳ್ರಿ."

ಬಸ್ಸೆಲ್ಲ ನಕ್ಕಿತು. ಸುಮಿತ್ರಾ ಮಾತ್ರ ಗಡಿಯಾರ ನೋಡುತ್ತಿದ್ದಳು. ದಾರಿಯಲ್ಲಿ ಬಸ್ಸು ಕೆಟ್ಟು ಮುಕ್ಕಾಲು ಗಂಟೆ ನಿಂತಿತು. ಕಾಲೇಜು ಮುಟ್ಟಿದಾಗ ಮೂರು ಗಂಟೆ ಹತ್ತು ನಿಮಿಷ.

ಕೌಂಟರಿನಲ್ಲಿದ್ದ ಗುಮಾಸ್ತರು, "ಒರಿಜಿನಲ್ ಕೊಡಿ" ಎಂದರು. ಸಿದ್ದಣ್ಣ ಹಳದಿ ಗಂಟನ್ನು ಎತ್ತಿ ತೋರಿಸಿದ.

"ಇದರಾಗೈತ್ರಿ."

"ಬಿಚ್ಚಿ."

"ನೀವು ಸೀಟು ಕೊಡ್ರಿ, ಬಿಚ್ತೀವಿ."

"ನೀವು ಬಿಚ್ಚಿ, ಸೀಟು ಕೊಡ್ತೀವಿ."

ಇಬ್ಬರೂ ತಮ್ಮ ತಮ್ಮ ಕಾನೂನಿನಲ್ಲಿ ಪಳಗಿದವರು. ಇಬ್ಬರೂ ಒಂದಿಂಚು ಹಿಂದೆ ಸರಿಯಲಿಲ್ಲ. ಗದ್ದಲ ಕೇಳಿ ಪ್ರಾಂಶುಪಾಲರು ಹೊರಗೆ ಬಂದರು. ಕನ್ನಡಕ ಹಾಕಿದ, ತೆಳ್ಳನೆಯ ಹೆಂಗಸು. ನಮ್ಮನ್ನು ಒಳಗೆ ಕೂರಿಸಿಕೊಂಡು ಪೂರ್ತಿ ಕಥೆ ಕೇಳಿದರು. ನಗಲಿಲ್ಲ. ಆ ಒಂದು ಕಾರಣಕ್ಕೇ ನಾನು ಅವರಿಗೆ ಇಂದಿಗೂ ಮನಸ್ಸಿನಲ್ಲಿ ಕೈ ಮುಗಿಯುತ್ತೇನೆ.

"ಅಂಕಪಟ್ಟಿ ನೋಡದೆ ನಾನು ರಿಜಿಸ್ಟರಿನಲ್ಲಿ ಹೆಸರು ಬರೆಯೋ ಹಾಗಿಲ್ಲ," ಎಂದರು. "ಅಜ್ಜಾರೆ, ನಿಮಗೂ ಅಪ್ಪಣೆ ಇಲ್ಲದೆ ಬಿಚ್ಚೋ ಹಾಗಿಲ್ಲ. ಅಪ್ಪಣೆ ಅಂದ್ರೆ ಹೂ ಯಾವ ಕಡೆ ಬೀಳಬೇಕು?"

"ಬಲಕ್ಕೆ ಕಣವ್ವ." ಸಿದ್ದಣ್ಣ ಕುರ್ಚಿಯ ಮೇಲೆ ನೆಟ್ಟಗೆ ಕುಳಿತು ಬೆತ್ತವನ್ನು ಎದುರಿಗೆ ಹಿಡಿದಿದ್ದ. ಅದರ ತಲೆಯ ಮೇಲೆ ಹೂ ಅಲುಗದೆ ಕುಳಿತಿತ್ತು. ಮೂರೂವರೆ ದಾಟಿತ್ತು.

ಪ್ರಾಂಶುಪಾಲರು ಬೆತ್ತವನ್ನು ನೋಡಿದರು, ಗಡಿಯಾರ ನೋಡಿದರು. "ತುಂಬಾ ಸೆಕೆ ಅಲ್ವಾ?" ಎನ್ನುತ್ತ ಎದ್ದುಹೋಗಿ ಫ್ಯಾನಿನ ಗುಂಡಿ ಒತ್ತಿದರು.

ಫ್ಯಾನು ಮೆಲ್ಲಗೆ ತಿರುಗಿತು, ಆಮೇಲೆ ಜೋರಾಗಿ ತಿರುಗಿತು. ಮೇಜಿನ ಮೇಲಿನ ಕಾಗದಗಳು ಎದ್ದವು. ಹೂ ಒಮ್ಮೆ ಅಲುಗಿತು, ಎಡಕ್ಕೆ ವಾಲಿತು. ನಾನು ಕಣ್ಣು ಮುಚ್ಚಿಕೊಂಡೆ.

"ಬಿತ್ತು!" ಎಂದು ಸಿದ್ದಣ್ಣ ಕೂಗಿದ. "ಬಲಕ್ಕೇ ಬಿತ್ತು! ಅಪ್ಪಣೆ ಆತು ಕಣೋ ರುದ್ರ, ಬಿಚ್ಚಲೇ!"

ಬಾಗಿಲಲ್ಲಿದ್ದ ಗುಮಾಸ್ತರು, "ಅದು ಫ್ಯಾನಿನ ಗಾಳಿಗೆ" ಎಂದು ಗೊಣಗಿದರು. ಇರಬಹುದು. ಗಾಳಿ ಯಾರದು ಎಂದು ನಾನು ಅವರನ್ನು ಕೇಳಲಿಲ್ಲ. ಎಡಕ್ಕೆ ವಾಲಿದ್ದ ಹೂವನ್ನು ಬಲಕ್ಕೆ ತಿರುಗಿಸಿದ್ದು ಯಾವ ಗುಂಡಿ ಎಂದೂ ಕೇಳಲಿಲ್ಲ.

ಬಿಚ್ಚುವುದು ಬಾಯಲ್ಲಿ ಹೇಳಿದಷ್ಟು ಸುಲಭವಾಗಿರಲಿಲ್ಲ. ಅಷ್ಟು ವರ್ಷದ ಅನುಭವವನ್ನೆಲ್ಲ ಆ ಹೊಲಿಗೆಗೆ ಸುರಿದಿದ್ದೆ. ಕತ್ತರಿ ಹಾಕಿದರೆ ಒಳಗಿನ ಕಾಗದ ಹರಿದೀತು ಎಂಬ ಭಯ. ಒಂದೊಂದೇ ಎಳೆ ಕಿತ್ತೆ. ಗೊಣಗಿದ ಗುಮಾಸ್ತರೇ ಬಂದು ಇನ್ನೊಂದು ತುದಿ ಹಿಡಿದುಕೊಂಡರು. ಮೂರು ಐವತ್ತಕ್ಕೆ ಆರು ಅಂಕಪಟ್ಟಿಗಳು ಅರಿಶಿನ, ವಿಭೂತಿ, ಧೂಪದ ವಾಸನೆ ಎಲ್ಲವನ್ನೂ ಮೆತ್ತಿಕೊಂಡು ಮೇಜಿನ ಮೇಲೆ ಬಂದವು.

ಪ್ರಾಂಶುಪಾಲರು ಒಂದೊಂದನ್ನೇ ತಿರುವಿ ನೋಡಿ ಕನ್ನಡಕ ತೆಗೆದರು. "ಇಷ್ಟು ಅಂಕ ಇಟ್ಕೊಂಡು ಆರು ವರ್ಷ ಏನ್ ಮಾಡ್ತಿದ್ದೆಯಮ್ಮ?"

"ಅಡುಗೆ ಮೇಡಂ," ಎಂದಳು ಸುಮಿತ್ರಾ.

ಅವರು ರಿಜಿಸ್ಟರಿನಲ್ಲಿ ಹೆಸರು ಬರೆದರು. ಸಿದ್ದಣ್ಣನಿಗೆ ಅಷ್ಟು ಸಾಲಲಿಲ್ಲ. "ನೀನೇ ಓದವ್ವ, ದೇವ್ರು ಕೇಳಿಸ್ಕಳ್ಳಿ," ಎಂದ. ಸುಮಿತ್ರಾ ಬಗ್ಗಿ ತನ್ನ ಹೆಸರನ್ನು ಓದಿದಳು. ಬೆಳಗಿನಿಂದ ಅಳದವಳು ಅಲ್ಲಿ ಅತ್ತಳು. ನಾನೂ ಕಣ್ಣೊರೆಸಿಕೊಂಡೆ. ಕೈಯಲ್ಲಿದ್ದದ್ದು ಮುಡಿಪಿನ ಬಟ್ಟೆ, ಮುಖವೆಲ್ಲ ಹಳದಿಯಾಯಿತು.

ಎರಡು ವರ್ಷ ಅವಳು ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಓಡಾಡಿದಳು. ಬಸವರಾಜ ಮಾತು ಉಳಿಸಿಕೊಂಡ. ಅವನು ಬಡಿದ ರೊಟ್ಟಿಗಳಿಗೆ ಮೊದಲ ಆರು ತಿಂಗಳು ನಮ್ಮ ತಾಲ್ಲೂಕಿನ ನಕ್ಷೆಯ ಆಕಾರವಿರುತ್ತಿತ್ತು, ಈಗ ದುಂಡಗಿವೆ. ಬಿ.ಎಡ್. ಮುಗಿಯಿತು, ಪರೀಕ್ಷೆಗಳಾದವು, ಸಂದರ್ಶನವಾಯಿತು. ಇಂದು ಸುಮಿತ್ರಾ ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು.

ಓದಿನಿಂದ ಏನು ಲಾಭ ಎಂದು ಕೇಳುವವರು ನಮ್ಮ ಓಣಿಯಲ್ಲಿ ಈಗಲೂ ಇದ್ದಾರೆ. ಅವರಿಗೆ ನಾನು ಕಂಡದ್ದನ್ನು ಹೇಳುತ್ತೇನೆ. ದರ್ಜಿಯ ಮನೆಯಲ್ಲಿ ಆಷಾಢ ಎಂದರೆ ಉಪವಾಸದ ತಿಂಗಳು, ಮದುವೆಯಿಲ್ಲ, ಬಟ್ಟೆಯಿಲ್ಲ. ಆಷಾಢದಲ್ಲೂ ಸಂಬಳ ಬರುತ್ತದೆ ಎಂಬ ಸತ್ಯ ನನಗೆ ಅರವತ್ತು ದಾಟಿದ ಮೇಲೆ ತಿಳಿಯಿತು. ಮೂರನೇ ಸಂಬಳದಲ್ಲಿ ಅವಳು ನನ್ನ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿದಳು, ಇನ್ನು ಕಾಲಿನಲ್ಲಿ ತುಳಿಯಬೇಕಾಗಿಲ್ಲ. ಈಗ ಬಸವರಾಜ ನನ್ನ ಪಕ್ಕ ಕುಳಿತು ರವಿಕೆ ಹೊಲಿಯುತ್ತಾನೆ, ಕೆಲವರು ಅವನ ಕೈಗೇ ಕೊಡಿ ಎನ್ನುತ್ತಾರೆ. ನನಗೆ ಕೇಳಿಸುವುದಿಲ್ಲ. ಪಾರ್ವತಮ್ಮನಿಗೆ ಕಣ್ಣಿನ ಆಪರೇಷನ್ ಎಂದಾಗ ಡಾಕ್ಟರಿಗೆ ನಾನು ತಲೆಯಾಡಿಸಿದೆ, ಸುಮಿತ್ರಾ ಪ್ರಶ್ನೆ ಕೇಳಿದಳು. ಹೊಸದುರ್ಗದ ಒಂದು ಕಚೇರಿಗೆ ಅವಳ ಜೊತೆ ಹೋದಾಗ, "ಕುಂತ್ಕಳ್ರಿ ಮೇಡಂ" ಎಂದು ಕುರ್ಚಿ ಎಳೆದರು. ಮೂವತ್ತೈದು ವರ್ಷ ಎಲ್ಲ ಕಚೇರಿಗಳಲ್ಲೂ ನಿಂತೇ ಇದ್ದ ನನಗೂ ಒಂದು ಕುರ್ಚಿ ಬಂತು. ಮೊದಲು ಅವಳು ಟೈಲರ್ ಸೊಸೆ. ಈಗ ನಾನು ಮೇಡಂ ಮಾವ. ಈ ಹಿಂಬಡ್ತಿಯನ್ನು ನಾನು ವಿನಯದಿಂದ ಸ್ವೀಕರಿಸಿದ್ದೇನೆ.

ಲೆಕ್ಕಕ್ಕೆ ಸಿಗದ ಒಂದು ಮಾತೂ ಇದೆ. ಮದುವೆಯಾಗಿ ಬಂದ ಆರು ವರ್ಷದಲ್ಲಿ ಅವಳು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ನಾವು ಕೆಟ್ಟವರೇನಲ್ಲ, ಯಾರೂ ಅವಳನ್ನು ಬೈಯುತ್ತಿರಲಿಲ್ಲ. ಆದರೂ ನಗು ಇರಲಿಲ್ಲ. ಕಾಲೇಜು ಸೇರಿದ ಎರಡನೇ ತಿಂಗಳು, ಜೊತೆಗೆ ಓದುವವಳೊಬ್ಬಳ ಹತ್ತಿರ ಫೋನಿನಲ್ಲಿ ಮಾತಾಡುತ್ತ ಹಿತ್ತಲಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ಪಾರ್ವತಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ, "ಏನ್ರಿ, ಇವಳಿಗೆ ನಗು ಬರ್ತಿತ್ತು ಅಂತ ನಮಗೆ ಗೊತ್ತೇ ಇರ್ಲಿಲ್ಲ" ಎಂದಳು. ಆ ರಾತ್ರಿಯಿಂದ ಅವಳು ಸೊಸೆಯ ಕೈಗೆ ಪಾತ್ರೆ ತೊಳೆಯಲು ಕೊಟ್ಟಿಲ್ಲ.

ಕಳೆದ ಸೋಮವಾರ ಮನೆಯವರೆಲ್ಲ ಗುಡ್ಡಕ್ಕೆ ಹೋಗಿದ್ದೆವು. ಬಸವರಾಜ ಕೋಲು ಹಿಡಿದು, ಮಗಳನ್ನು ಮುಂದೆ ಬಿಟ್ಟುಕೊಂಡು, ಅಷ್ಟೂ ಮೆಟ್ಟಿಲು ತಾನೇ ಹತ್ತಿದ. ಸಿದ್ದಣ್ಣ ಮಂಗಳಾರತಿ ಎತ್ತಿ, "ಏನ್ ಬೇಡ್ಕಂತೀಯೋ ಬೇಡ್ಕೊ ರುದ್ರ" ಎಂದ. ನಾನು ಬಾಯಿ ತೆರೆದೆ. ಹುಡುಕಿ ನೋಡಿದೆ, ಕೇಳಲು ಏನೂ ಇರಲಿಲ್ಲ. ಅರವತ್ತಮೂರು ವರ್ಷದಲ್ಲಿ ಅರ್ಜಿಯಿಲ್ಲದೆ ಅವನ ಮುಂದೆ ನಿಂತದ್ದು ಅದೇ ಮೊದಲು. ಏನು ಮಾಡಬೇಕೆಂದು ತಿಳಿಯದೆ ಒದ್ದಾಡಿದೆ.

ಪಕ್ಕದಲ್ಲಿದ್ದ ಸುಮಿತ್ರಾ ಮೆಲ್ಲಗೆ ಹೇಳಿದಳು, "ಮಾವ, ಏನೂ ಕೇಳಬ್ಯಾಡ್ರಿ. ಸುಮ್ನೆ ಕೈ ಮುಗೀರಿ, ಸಾಕು."

ಮುಗಿದೆ.